ವಿದ್ಯುಜ್ಜಾಲ, ಅಲ್ಗಾರಿದಂ, ಯಂತ್ರಕಲಿಕೆ: ಸಂಶೋಧಕರ ಪೀಠ ಎಲ್ಲಿರಬೇಕು?

ಅಲ್ಗಾರಿದಂಗಳ ಸಿದ್ಧಾಂತವನ್ನೂ ಯಂತ್ರಕಲಿಕೆಯನ್ನೂ ಇಂಧನ ವ್ಯವಸ್ಥೆಗಳ ಶಾಸ್ತ್ರವನ್ನೂ ಒಟ್ಟಿಗೆ ಬಲ್ಲ ಸಂಶೋಧಕರು ಬೇಕಾಗಿದ್ದಾರೆಂಬ ಪ್ರಕಟಣೆಗಳು ಈಚಿನ ವರ್ಷಗಳಲ್ಲಿ ಯೂರೋಪು, ಅಮೆರಿಕ, ಭಾರತಗಳ ವಿಶ್ವವಿದ್ಯಾನಿಲಯಗಳಿಂದ ಮೇಲಿಂದ ಮೇಲೆ ಹೊರಡುತ್ತಿವೆ. ಅಂಥದೊಂದನ್ನು ಸಾವಧಾನವಾಗಿ ಓದಿದವರಿಗೆ ಅದರ ಬೇಡಿಕೆಗೂ ಕೊಡುಗೆಗೂ ನಡುವಣ ಅಂತರವು ಕಾಣದೆ ಇರದು. ಅಭ್ಯರ್ಥಿಗೆ ಗಣಿತದಲ್ಲಿ ಗಾಢವಾದ ವ್ಯುತ್ಪತ್ತಿ ಇರಬೇಕು. ದೊಡ್ಡ ಪ್ರೋಗ್ರಾಂಗಳನ್ನು ಸ್ವತಃ ಬರೆದು ನಡೆಸಿದ ಅನುಭವವಿರಬೇಕು. ವಿದ್ಯುತ್ ಮಾರುಕಟ್ಟೆಯ ನಿಯಮಗಳೂ ಸಬ್‌ಸ್ಟೇಷನ್ನಿನ ವ್ಯವಹಾರವೂ ತಿಳಿದಿರಬೇಕು. ಇಷ್ಟನ್ನೂ ಕೇಳಿದ ಮೇಲೆ ಹುದ್ದೆಯ ಅವಧಿ ಎರಡು ವರ್ಷ, ಹೆಚ್ಚೆಂದರೆ ಮೂರು, ಅದರಾಚೆಗೆ ಅನುದಾನ ದೊರೆತರೆ ಮುಂದುವರಿಕೆ. ಒಂದು ಉಷ್ಣ ವಿದ್ಯುತ್ ಸ್ಥಾವರವು ಹಲವು ದಶಕಗಳ ಕಾಲ ದುಡಿಯುತ್ತದೆ. ಜಲವಿದ್ಯುತ್ ಸ್ಥಾವರವು ಅದಕ್ಕಿಂತಲೂ ದೀರ್ಘಾಯು. ಅವುಗಳನ್ನು ನಡೆಸುವ ವಿಧಾನವನ್ನು ಚಿಂತಿಸಬೇಕಾದ ಮನುಷ್ಯನಿಗೆ ಮಾತ್ರ ಮೂರು ವರ್ಷಗಳ ಆಯುಸ್ಸನ್ನು ವಿಧಿಸಿರುವುದು ಏತಕ್ಕೆ?

ಈ ಪ್ರಶ್ನೆಯ ಹಿಂದೆ ಮತ್ತೊಂದು ಪ್ರಶ್ನೆ ಅಡಗಿದೆ. ಮೂರು ಶಾಸ್ತ್ರಗಳ ಸಂಧಿಯಲ್ಲಿ ನಿಲ್ಲುವ ಈ ಸಂಶೋಧಕರು ವಾಸ್ತವವಾಗಿ ಯಾರಿಗೆ ಸೇರಿದವರು? ವಿಶ್ವವಿದ್ಯಾನಿಲಯದ ಒಂದು ವಿಭಾಗಕ್ಕೋ, ದೊಡ್ಡ ಕಂಪನಿಯ ಪ್ರಯೋಗಶಾಲೆಗೋ, ವಿದ್ಯುಜ್ಜಾಲವನ್ನು ಹಗಲಿರುಳೂ ಕಾಯುವ ಸಾರ್ವಜನಿಕ ಸಂಸ್ಥೆಗೋ? ಇದಕ್ಕೆ ಕೊಡುವ ಉತ್ತರವು ಯಾವ ಬಗೆಯ ಜ್ಞಾನವನ್ನು ನಾವು ನಂಬುತ್ತೇವೆ ಎಂಬುದನ್ನೇ ಅವಲಂಬಿಸಿದೆಯಾದ್ದರಿಂದ, ಉದ್ಯೋಗದ ಚರ್ಚೆಯನ್ನೂ ಶಾಸ್ತ್ರದ ಚರ್ಚೆಯನ್ನೂ ಬೇರ್ಪಡಿಸಿ ನೋಡಲಾಗುವುದಿಲ್ಲ.

ವಿದ್ಯುತ್ ಮಾರ್ಗದಿಂದ ಹುಟ್ಟಿದ ಗಣಕ

ಸಂಶೋಧನೆಯೆಂಬುದೇ ಒಂದು ವೃತ್ತಿಯಾದದ್ದು ಬಹು ಪ್ರಾಚೀನವಾದ ಸಂಗತಿಯಲ್ಲ. ಅಧ್ಯಾಪನವೂ ಅನ್ವೇಷಣೆಯೂ ಒಂದೇ ಪೀಠದಲ್ಲಿ ಕೂಡಿರಬೇಕೆಂಬ ಆದರ್ಶವನ್ನು 1810ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯವು ಎತ್ತಿ ಹಿಡಿಯಿತು. 1876ರಲ್ಲಿ ಸ್ಥಾಪಿತವಾದ ಜಾನ್ಸ್ ಹಾಪ್ಕಿನ್ಸ್ ಅದನ್ನು ಫೆಲೋಶಿಪ್ಪುಗಳ ರೂಪದಲ್ಲಿ ಅಮೆರಿಕಕ್ಕೆ ತಂದಿತು. 1919ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಆರಂಭವಾದ ಫೆಲೋಶಿಪ್ಪುಗಳು ಪಿಎಚ್.ಡಿ.ಯ ತರುವಾಯದ ತಾತ್ಕಾಲಿಕ ಸಂಶೋಧಕ ಪದವನ್ನು, ಇಂದು ಎಲ್ಲರ ಬಾಯಲ್ಲಿರುವ ಪೋಸ್ಟ್‌ಡಾಕ್ ಎಂಬುದನ್ನು, ರೂಢಿಗೆ ತಂದವು.

ನಮ್ಮ ವಿಷಯದ ಮಟ್ಟಿಗೆ ಇದಕ್ಕಿಂತ ಹೆಚ್ಚು ಮನನೀಯವಾದ ಕಥೆ ವನೆವರ್ ಬುಷ್ ಎಂಬ ವಿದ್ಯುತ್ ಇಂಜಿನಿಯರನದು. ದೂರದ ವಿದ್ಯುತ್ ಮಾರ್ಗಗಳಲ್ಲಿ ಆಕಸ್ಮಿಕವಾಗಿ ಏರಿಳಿತವುಂಟಾದಾಗ ಏನಾಗುತ್ತದೆಂಬುದನ್ನು ತಿಳಿಸುವ ಸಮೀಕರಣಗಳನ್ನು ಕೈಯಿಂದ ಬಿಡಿಸುವುದು ದುಸ್ಸಾಧ್ಯವಾಗಿತ್ತು. ಆ ಕ್ಲೇಶದಿಂದ ಪಾರಾಗಲೆಂದೇ ಆತನೂ ಆತನ ಸಂಗಡಿಗರೂ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಹಿಡಿದ ದಾರಿಯು 1931ರ ವೇಳೆಗೆ ಡಿಫರೆನ್ಷಿಯಲ್ ಅನಲೈಜರ್ ಎಂಬ ಮಹಾಯಂತ್ರದಲ್ಲಿ ಮುಟ್ಟಿತು. ಅದೇ ಸಂಸ್ಥೆಯಲ್ಲಿ 1929ರಲ್ಲಿ ವಿದ್ಯುಜ್ಜಾಲದ ಕಿರುಪ್ರತಿಯೊಂದನ್ನು ಮೇಜುಗಳ ಮೇಲೆ ಜೋಡಿಸಿ ಅಳತೆ ಮಾಡುವ ನೆಟ್‌ವರ್ಕ್ ಅನಲೈಜರ್ ಕೂಡ ಸಿದ್ಧವಾಗಿತ್ತು. ಇಂಧನ ವ್ಯವಸ್ಥೆಗಳಿಗೆ ಗಣಕವು ಈಚೆಗೆ ಬಂದ ಅತಿಥಿಯೆಂದು ಭಾವಿಸುವವರುಂಟು. ವಸ್ತುತಃ ವಿಶ್ವವಿದ್ಯಾನಿಲಯದಲ್ಲಿ ಗಣನಯಂತ್ರವು ಬೆಳೆದ ಮನೆಗಳಲ್ಲಿ ವಿದ್ಯುತ್ ಶಾಸ್ತ್ರದ ಮನೆಯೂ ಒಂದು. ಇದೇ ಬುಷ್ 1945ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಸಲ್ಲಿಸಿದ ವರದಿಯು ಮೂಲವಿಜ್ಞಾನದ ಪೋಷಣೆ ಸರ್ಕಾರದ ಹೊಣೆಯೆಂದು ಸಾರಿತು. 1950ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸ್ಥಾಪಿತವಾಯಿತು. ಪ್ರಾಜೆಕ್ಟಿಗೆ ಹಣ, ಹಣವಿರುವಷ್ಟು ಕಾಲ ಮನುಷ್ಯ ಎಂಬ ಪದ್ಧತಿಯು ಮುಂದಣ ದಶಕಗಳಲ್ಲಿ ಲೋಕದ ಬಹುಭಾಗವನ್ನು ವ್ಯಾಪಿಸಿತು.

ಬುಷ್‌ನ ಕಾಲದಲ್ಲಿಯೇ ಹುದ್ದೆಯೆಂಬುದು ಪ್ರತಿಭೆಗೆ ಎಷ್ಟು ಅಡ್ಡಿಯಾಗಬಲ್ಲದೆಂಬುದಕ್ಕೆ ಈಡಿತ್ ಕ್ಲಾರ್ಕ್ ಸಾಕ್ಷಿ. 1919ರಲ್ಲಿ ಅದೇ ಮೆಸಾಚುಸೆಟ್ಸ್ ಸಂಸ್ಥೆಯಿಂದ ವಿದ್ಯುತ್ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದ ಪ್ರಥಮ ಮಹಿಳೆಯಾದ ಆಕೆಗೆ ಇಂಜಿನಿಯರ್ ಪದ ದೊರೆಯಲಿಲ್ಲ. ಲೆಕ್ಕ ಮಾಡುವ ಮಹಿಳೆಯರ ಮೇಲ್ವಿಚಾರಣೆಯ ಕೆಲಸ ದೊರೆಯಿತು. ದೀರ್ಘ ಮಾರ್ಗಗಳ ಸಮೀಕರಣಗಳನ್ನು ಬಿಡಿಸುವ ಒಂದು ರೇಖಾಗಣಕವನ್ನು ಆಕೆ ರೂಪಿಸಿಯಾದ ಮೇಲೆ, 1922ರಲ್ಲಿ, ಇಂಜಿನಿಯರ್ ಎಂಬ ಹೆಸರು ಬಂದಿತು. 1947ರಲ್ಲಿ, ಉದ್ಯಮದಿಂದ ನಿವೃತ್ತಳಾದ ತರುವಾಯ, ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಆಚಾರ್ಯಪದವಿ ಲಭಿಸಿತು. ಆಕೆಯ ಜ್ಞಾನವು 1919ರಲ್ಲಿಯೇ ಸಿದ್ಧವಿತ್ತು. ಅದನ್ನು ಕೂರಿಸತಕ್ಕ ಪೀಠವೊಂದು ಸಿದ್ಧವಿರಲಿಲ್ಲ.

ಕನ್ನಡನಾಡಿನಲ್ಲಿಯೂ ಈ ಕಥೆಗೆ ಒಂದು ಆದಿಪರ್ವವುಂಟು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತು ಹರಿದಾಗ, ಸುಮಾರು 147 ಕಿಲೋಮೀಟರುಗಳ ಆ ಮಾರ್ಗವು ಜಗತ್ತಿನ ದೀರ್ಘತಮ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರವಿದ್ಯೆಯೂ ಇದ್ದಿತು.

ನಾಲ್ಕು ಕೊಠಡಿಗಳು

ಇಂದು ವಿದ್ಯುಜ್ಜಾಲವನ್ನು ನಡೆಸುವ ಗಣಿತದ ಅಡಿಗಲ್ಲುಗಳನ್ನು ಇಟ್ಟವರು ಯಾವ ಯಾವ ಕೊಠಡಿಗಳಲ್ಲಿ ಕುಳಿತಿದ್ದರೆಂದು ವಿಚಾರಿಸುವುದು ಈ ಚರ್ಚೆಗೆ ಅತ್ಯಂತ ಉಪಯುಕ್ತವಾದದ್ದೆಂದು ನನ್ನ ಅಭಿಪ್ರಾಯ.

ಸಮಸ್ಯೆಯನ್ನು ಮೊದಲು ಹತ್ತಿರದಿಂದ ನೋಡೋಣ. ಭಾರತದ ವಿದ್ಯುಜ್ಜಾಲದಲ್ಲಿ ದಿನವೊಂದನ್ನು ಹದಿನೈದು ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಗದಲ್ಲಿಯೂ ಯಾವ ಸ್ಥಾವರ ಎಷ್ಟು ಉತ್ಪಾದಿಸಬೇಕೆಂಬುದನ್ನು ಮೊದಲೇ ಗೊತ್ತುಪಡಿಸುತ್ತಾರೆ. ಬೇಡಿಕೆಯೂ ಪೂರೈಕೆಯೂ ಕ್ಷಣಕ್ಷಣಕ್ಕೂ ಸರಿತೂಗಬೇಕು. ತೂಗದಿದ್ದರೆ ಸೆಕೆಂಡಿಗೆ 50 ಆವರ್ತಗಳೆಂಬ ಪ್ರಮಾಣವು 49.90ರಿಂದ 50.05ರ ಮಿತಿಯನ್ನು ದಾಟಿ ಅಪಾಯದತ್ತ ಸಾಗುತ್ತದೆ. ಮಧ್ಯಾಹ್ನ ಪಾವಗಡದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ಪೂರ್ಣವಾಗಿ ಬೆಳಗುತ್ತಿರುತ್ತದೆ; ಸೂರ್ಯನು ಇಳಿಯತೊಡಗಿದೊಡನೆ ಅದು ಕುಗ್ಗುತ್ತದೆ, ಮನೆಮನೆಯ ದೀಪಗಳು ಹತ್ತುವುದೂ ಅದೇ ಹೊತ್ತಿಗೆ. ಆ ಒಂದೆರಡು ಗಂಟೆಗಳ ಸಂಧಿಕಾಲದಲ್ಲಿ ಜಲವಿದ್ಯುತ್ ಸ್ಥಾವರಗಳನ್ನು ಏರಿಸಬೇಕು. ನಿಧಾನವಾಗಿ ಕಾವೇರುವ ಕಲ್ಲಿದ್ದಲಿನ ಘಟಕಗಳನ್ನಾದರೋ ಗಂಟೆಗಳ ಮುಂಚೆಯೇ ಸಜ್ಜುಮಾಡಿರಬೇಕು. ಯಾವ ಮಾರ್ಗವೂ ತನ್ನ ಶಕ್ತಿಗೆ ಮೀರಿದ ಭಾರವನ್ನು ಹೊರದಂತೆ ನೋಡಿಕೊಳ್ಳಬೇಕು. ಇಷ್ಟರ ಮೇಲೆ ವೆಚ್ಚವೂ ಕನಿಷ್ಠವಾಗಿರಬೇಕು.

ಈ ಕನಿಷ್ಠ ವೆಚ್ಚದ ಪ್ರಶ್ನೆಗೆ ಜಾಲದ ಭೌತನಿಯಮಗಳನ್ನೆಲ್ಲ ಒಳಗೊಂಡ ಗಣಿತರೂಪವನ್ನು 1962ರಲ್ಲಿ ಕೊಟ್ಟ ಝಾಕ್ ಕಾರ್ಪಾಂತಿಯೆ ಫ್ರಾನ್ಸಿನ ಸರ್ಕಾರಿ ವಿದ್ಯುತ್ ಸಂಸ್ಥೆಯವನು. ಸಾವಿರಾರು ಸಮೀಕರಣಗಳನ್ನು ಕ್ಷಿಪ್ರವಾಗಿ ಬಿಡಿಸುವಂತೆ ನ್ಯೂಟನ್ನನ ಕ್ರಮವನ್ನು 1967ರಲ್ಲಿ ಅಳವಡಿಸಿದ ವಿಲಿಯಂ ಟಿನ್ನಿಯು ಕೊಲಂಬಿಯಾ ನದಿಯ ಅಣೆಕಟ್ಟುಗಳ ವಿದ್ಯುತ್ತನ್ನು ಹಂಚುವ ಬಾನವಿಲ್ ಆಡಳಿತವೆಂಬ ಸರ್ಕಾರಿ ಕಚೇರಿಯಲ್ಲಿ ದುಡಿಯುತ್ತಿದ್ದವನು. 1965ರ ನವೆಂಬರ್ 9ರ ರಾತ್ರಿ ಅಮೆರಿಕದ ಈಶಾನ್ಯ ಭಾಗವು ಕತ್ತಲಲ್ಲಿ ಮುಳುಗಿದ ಮೇಲೆ, ದೋಷಯುಕ್ತ ಮಾಪನಗಳಿಂದಲೇ ಜಾಲದ ನೈಜ ಸ್ಥಿತಿಯನ್ನು ಅಂದಾಜು ಮಾಡುವ ವಿದ್ಯೆಯನ್ನು 1970ರಲ್ಲಿ ನಿರೂಪಿಸಿದ ಫ್ರೆಡ್ ಶ್ವೆಪ್ಪೆ ವಿಶ್ವವಿದ್ಯಾನಿಲಯದ ಆಚಾರ್ಯ. 1984ರಲ್ಲಿ ರೇಖೀಯ ಪ್ರೋಗ್ರಾಮಿಂಗಿಗೆ ಹೊಸ ಮಾರ್ಗವನ್ನು ತೆರೆದು, ಮುಂದೆ ವಿದ್ಯುಜ್ಜಾಲದ ಗಣನೆಗಳಲ್ಲಿಯೂ ಬಳಕೆಗೆ ಬಂದ ಒಳಬಿಂದು ವಿಧಾನಗಳಿಗೆ ನಾಂದಿ ಹಾಡಿದ ನರೇಂದ್ರ ಕರ್ಮಾರ್ಕರರು ಟೆಲಿಫೋನ್ ಉದ್ಯಮದ ಬೆಲ್ ಪ್ರಯೋಗಶಾಲೆಯವರು. ಈ ನಾಲ್ವರಲ್ಲಿ ಇಬ್ಬರು ಸಾರ್ವಜನಿಕ ವಿದ್ಯುತ್ ಸಂಸ್ಥೆಗಳವರು, ಒಬ್ಬನು ವಿಶ್ವವಿದ್ಯಾನಿಲಯದವನು, ಒಬ್ಬರು ಖಾಸಗಿ ಪ್ರಯೋಗಶಾಲೆಯವರು. ಆದುದರಿಂದ ಉತ್ತಮ ಜ್ಞಾನವು ಒಂದೇ ಬಗೆಯ ಕೊಠಡಿಯಿಂದ ಬರುತ್ತದೆಂಬ ವಾದಕ್ಕೆ ಚರಿತ್ರೆಯ ಸಮ್ಮತಿಯಿಲ್ಲ. ಸಂಶೋಧಕರ ಪೀಠ ಎಲ್ಲಿರಬೇಕೆಂದು ಈಗ ವಾದಿಸುವ ಮೂರು ಪಕ್ಷಗಳೂ ಈ ಪರಂಪರೆಯ ಒಂದೊಂದು ಅಂಶವನ್ನು ಹಿಡಿದು ನಿಂತಿವೆ.

ಸಿದ್ಧಾಂತಪಕ್ಷ

ಮೊದಲನೆಯ ಪಕ್ಷದವರು ಹೇಳುವುದೇನೆಂದರೆ, ಲಕ್ಷಾಂತರ ಜನರ ಬದುಕು ಆಧರಿಸಿರುವ ಜಾಲವನ್ನು ನಡೆಸುವ ವಿಧಾನಕ್ಕೆ ಪ್ರಮಾಣವಿರಬೇಕು. ಅದು ಎಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತದೆ, ಆ ಉತ್ತರವು ಉತ್ತಮೋತ್ತಮಕ್ಕೆ ಎಷ್ಟು ಸಮೀಪವಿರುತ್ತದೆ ಎಂಬುದನ್ನು ಗಣಿತದಿಂದ ಸಾಧಿಸಿ ತೋರಿಸಬೇಕು. ಕಾರ್ಪಾಂತಿಯೆಯ ಸಮಸ್ಯೆಯು ಅದರ ಪೂರ್ಣರೂಪದಲ್ಲಿ ಅತ್ಯಂತ ಕಠಿನವಾದ ಸಮಸ್ಯೆಗಳ ವರ್ಗಕ್ಕೆ ಸೇರಿದ್ದೆಂದು ಈ ಪಕ್ಷದವರೇ ಸಾಧಿಸಿದ್ದು. ಯಾವ ಸಂದರ್ಭಗಳಲ್ಲಿ ಅದನ್ನು ಸುಲಭರೂಪಕ್ಕೆ ತಂದು ನಿಖರವಾಗಿ ಬಿಡಿಸಬಹುದೆಂದು 2012ರಲ್ಲಿ ಲವಾಯಿ ಮತ್ತು ಲೋ ತೋರಿಸಿದ್ದೂ ಈ ಮಾರ್ಗದಲ್ಲಿಯೇ. ಇದು ಕೇವಲ ಪಂಡಿತರ ವಿನೋದವಲ್ಲ: ಅಮೆರಿಕದ ಪೂರ್ವಭಾಗದ ಪಿಜೆಎಂ ಎಂಬ ಜಾಲನಿರ್ವಾಹಕ ಸಂಸ್ಥೆಯು 2005ರ ಸುಮಾರಿಗೆ ಸ್ಥಾವರಗಳನ್ನು ಆರಿಸುವ ಲೆಕ್ಕಕ್ಕೆ ಪೂರ್ಣಾಂಕ ಪ್ರೋಗ್ರಾಮಿಂಗನ್ನು ಅಂಗೀಕರಿಸಿತು, ಉಳಿದ ಮಾರುಕಟ್ಟೆಗಳೂ ಅದೇ ದಾರಿ ಹಿಡಿದವು.

ಈ ಪಕ್ಷವು ಕಟ್ಟುವ ಹುದ್ದೆಯು ವಿಭಾಗಕ್ಕೆ ಸೇರಿದ ಹುದ್ದೆ. ಅಲ್ಗಾರಿದಂ ಬಲ್ಲವರನ್ನು ಅಲ್ಗಾರಿದಂ ಬಲ್ಲವರೇ ತೂಗುತ್ತಾರೆ. ಟೆನ್ಯೂರ್, ಎಂದರೆ ಕಾಯಂ ನೇಮಕ, ದೊರೆತರೆ ನಿಶ್ಚಿಂತೆ. ಆಳಕ್ಕೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಬೇರೊಂದಿಲ್ಲ. ಆದರೆ ಇದರ ನ್ಯೂನತೆಯೂ ಸ್ಪಷ್ಟ. ಸಂಶೋಧನ ಪ್ರಬಂಧಗಳಲ್ಲಿ ಹೊಸ ವಿಧಾನಗಳನ್ನು ಪರೀಕ್ಷಿಸಲು ಇಂದಿಗೂ ಬಳಸುವ 14 ಗ್ರಂಥಿಗಳ ಮತ್ತು 118 ಗ್ರಂಥಿಗಳ ಮಾದರಿಜಾಲಗಳು ಅಮೆರಿಕದ ಮಧ್ಯಪಶ್ಚಿಮದ ವಿದ್ಯುಜ್ಜಾಲವು 1962ರಲ್ಲಿ ಇದ್ದ ಸ್ಥಿತಿಯ ಭಾಗಗಳು. ಸೌರಫಲಕವಿಲ್ಲದ, ಪವನಯಂತ್ರವಿಲ್ಲದ, ಮನೆಯಲ್ಲಿ ಬ್ಯಾಟರಿಯಿಲ್ಲದ ಆ ಜಾಲದ ಮೇಲೆ ಸಾಧಿಸಿದ ವಿಜಯವನ್ನು ಇಂದಿನ ಜಾಲದ ಮೇಲಣ ವಿಜಯವೆಂದು ಎಣಿಸುವುದು ಹೇಗೆ? ನಿಜವಾದ ಜಾಲದ ದತ್ತಾಂಶವು ಕೈಗೆ ಸಿಕ್ಕದಿರುವುದೇ ಇದಕ್ಕೆ ಮುಖ್ಯ ಕಾರಣವೆಂಬುದನ್ನು ಒಪ್ಪಬೇಕು; ಆದರೂ ದೋಷ ದೋಷವೇ.

ದತ್ತಾಂಶಪಕ್ಷ

ಎರಡನೆಯ ಪಕ್ಷದವರ ದೃಷ್ಟಿಯಲ್ಲಿ ಜಾಲವು ಈಗ ಸಮೀಕರಣಗಳಿಂದ ಮುಂಚಿತವಾಗಿ ವರ್ಣಿಸಲಾಗದಷ್ಟು ಚಂಚಲವಾಗಿದೆ. ಮೋಡ, ಗಾಳಿ, ಜನರ ಅಭ್ಯಾಸ ಇವು ಅನುಭವದಿಂದ ಕಲಿಯತಕ್ಕ ವಿಷಯಗಳು. ಈ ವಾದಕ್ಕೆ ಬಲವುಂಟು. ಡೀಪ್‌ಮೈಂಡ್ ಸಂಸ್ಥೆಯು ಗೂಗಲ್‌ನ ದತ್ತಾಂಶ ಕೇಂದ್ರಗಳನ್ನು ತಂಪಾಗಿರಿಸುವ ವಿದ್ಯುತ್ತಿನಲ್ಲಿ ಶೇಕಡ 40ರಷ್ಟನ್ನು ಯಂತ್ರಕಲಿಕೆಯಿಂದ ಉಳಿಸಿರುವುದಾಗಿ 2016ರಲ್ಲಿಯೂ, ಪವನವಿದ್ಯುತ್ತಿನ ಉತ್ಪಾದನೆಯನ್ನು 36 ಗಂಟೆ ಮುಂಚಿತವಾಗಿ ಅಂದಾಜು ಮಾಡತೊಡಗಿರುವುದಾಗಿ 2019ರಲ್ಲಿಯೂ ಪ್ರಕಟಿಸಿತು. ಅದೇ 2019ರಲ್ಲಿ ಡೇವಿಡ್ ರೋಲ್ನಿಕ್, ಪ್ರಿಯಾ ದೊಂತಿ ಮೊದಲಾದವರು ಹವಾಮಾನ ಸಂಕಟಕ್ಕೆ ಯಂತ್ರಕಲಿಕೆಯು ಎಲ್ಲೆಲ್ಲಿ ನೆರವಾಗಬಲ್ಲದೆಂಬ ಸುದೀರ್ಘ ಸಮೀಕ್ಷೆಯನ್ನು ಬರೆದರು. ತರುಣ ಸಂಶೋಧಕರು ಅನೇಕರನ್ನು ಈ ಕ್ಷೇತ್ರಕ್ಕೆ ಎಳೆದು ತಂದ ಬರಹ ಅದು.

ಈ ಪಕ್ಷದ ಹುದ್ದೆಗಳು ಬಹುಮಟ್ಟಿಗೆ ಕಂಪನಿಗಳಲ್ಲಿವೆ, ಏಕೆಂದರೆ ದತ್ತಾಂಶವೂ ಗಣಕಬಲವೂ ಅಲ್ಲಿಯೇ ಇವೆ. ಅಮೆರಿಕದಲ್ಲಿ ಕೃತಕ ಬುದ್ಧಿಮತ್ತೆಯಲ್ಲಿ ಪಿಎಚ್.ಡಿ. ಪಡೆದವರ ಪೈಕಿ 2004ರಲ್ಲಿ ಉದ್ಯಮಕ್ಕೆ ಹೋದವರು ಶೇಕಡ 21 ಮಾತ್ರ. 2020ರ ವೇಳೆಗೆ ಆ ಪ್ರಮಾಣ ಸುಮಾರು 70ಕ್ಕೆ ಏರಿತ್ತೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನವು ತಿಳಿಸಿತು. ಬೆಂಗಳೂರಿನಲ್ಲಿಯೇ 2005ರಿಂದ ಮೈಕ್ರೋಸಾಫ್ಟ್‌ನ, 2019ರಿಂದ ಗೂಗಲ್‌ನ ಸಂಶೋಧನಾಲಯಗಳಿವೆ. ಇದನ್ನು ದೂಷಿಸಿ ಪ್ರಯೋಜನವಿಲ್ಲ; ಬೆಲ್ ಪ್ರಯೋಗಶಾಲೆಯ ನೆರಳಿಲ್ಲದೆ ಕರ್ಮಾರ್ಕರರ ವಿಧಾನವು ಅಷ್ಟು ಬೇಗ ಬೆಳಕಿಗೆ ಬರುತ್ತಿತ್ತೋ ಇಲ್ಲವೋ.

ಈ ಪಕ್ಷವು ತಡವರಿಸುವುದು ಅಪರೂಪದ ದಿನಗಳಲ್ಲಿ. 2012ರ ಜುಲೈ 30ರಂದು ಬೀನಾ–ಗ್ವಾಲಿಯರ್ ಮಾರ್ಗವು ಅತಿಭಾರದಿಂದ ಕಳಚಿಕೊಂಡ ಮೇಲೆ ಉತ್ತರ ಭಾರತವು ಕತ್ತಲಾಯಿತು. ಮರುದಿನ ಮತ್ತೊಮ್ಮೆ ಜಾಲ ಕುಸಿದಾಗ ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವು ಬಾಧಿತವಾಯಿತು. ದಕ್ಷಿಣ ಭಾರತ ಉಳಿದುಕೊಂಡದ್ದು, ನಮ್ಮ ಜಾಲವು ಆಗ ಉಳಿದ ದೇಶದೊಡನೆ ಒಂದೇ ಲಯದಲ್ಲಿ ಕೂಡಿರಲಿಲ್ಲವೆಂಬ ಕಾರಣದಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಆ ಕೂಡುವಿಕೆಯಾಯಿತು. ಅಂದಿನಿಂದ ಜಾಲದ ಸ್ವಭಾವವೇ ಬೇರೆ. ಸಾವಿರಾರು ಸಾಧಾರಣ ದಿನಗಳ ದತ್ತಾಂಶದಿಂದ ಕಲಿತ ಯಂತ್ರವು, ಜಾಲದ ರಚನೆಯೇ ಬದಲಾದ ಮೇಲೆ ಬರುವ ಒಂದು ಅಸಾಧಾರಣ ಅಪರಾಹ್ನದಲ್ಲಿ ಏನು ಮಾಡೀತೆಂಬುದಕ್ಕೆ ಈ ಪಕ್ಷದವರು ಇನ್ನೂ ಸಮರ್ಪಕವಾದ ಉತ್ತರ ಕೊಟ್ಟಿಲ್ಲ.

ಮೊದಲೆರಡು ಪಕ್ಷಗಳ ನಡುವೆ ಸೇತುವೆಯ ಯತ್ನವೊಂದು ನಡೆದಿದೆಯೆಂಬುದನ್ನು ಹೇಳದೆ ಮುಂದುವರಿಯುವುದು ಅನ್ಯಾಯವಾದೀತು. 2018ರಲ್ಲಿ ಲೈಕೂರಿಸ್ ಮತ್ತು ವಾಸಿಲ್ವಿಟ್ಸ್ಕಿಯವರ, ಅದೇ ವರ್ಷ ಪುರೋಹಿತ್ ಮೊದಲಾದವರ ಪ್ರಬಂಧಗಳಿಂದ ಪ್ರಸಿದ್ಧಿಗೆ ಬಂದ ಒಂದು ಶಾಖೆಯು, ಯಂತ್ರಕಲಿಕೆಯ ಭವಿಷ್ಯವಾಣಿಯನ್ನು ಸಲಹೆಯಾಗಿ ಸ್ವೀಕರಿಸುವ ಅಲ್ಗಾರಿದಂಗಳನ್ನು ಅಭ್ಯಸಿಸುತ್ತದೆ: ಸಲಹೆ ಸರಿಯಾಗಿದ್ದರೆ ಫಲವು ಉತ್ತಮವಾಗಬೇಕು, ಸಲಹೆ ಸಂಪೂರ್ಣ ತಪ್ಪಾಗಿದ್ದರೂ ನಷ್ಟವು ಒಂದು ಮಿತಿಯನ್ನು ಮೀರಬಾರದು, ಆ ಮಿತಿಗೆ ಗಣಿತದ ಪ್ರಮಾಣವಿರಬೇಕು. ಯಂತ್ರವೊಂದನ್ನು ಯಾವಾಗ ನಿಲ್ಲಿಸಬೇಕು, ಬ್ಯಾಟರಿಯನ್ನು ಯಾವಾಗ ತುಂಬಬೇಕು ಎಂಬಂಥ ಇಂಧನ ಪ್ರಶ್ನೆಗಳಿಗೆ ಇದು ಸಹಜವಾಗಿ ಒಪ್ಪುತ್ತದೆ. ಮೂರು ವಿದ್ಯೆಗಳನ್ನೂ ಒಬ್ಬರಲ್ಲಿ ಬೇಡುವ ಪ್ರಕಟಣೆಗಳಿಗೆ ಶಾಸ್ತ್ರದಲ್ಲಿ ಆಧಾರ ದೊರೆಯುವುದು ಇಲ್ಲಿ.

ನಿರ್ವಾಹಕಪಕ್ಷ

ಮೂರನೆಯವರು ಕಾರ್ಪಾಂತಿಯೆ, ಟಿನ್ನಿಯರ ವಾರಸುದಾರರು. ಜಾಲವನ್ನು ಕಾಯುವವರ ಪಕ್ಕದಲ್ಲಿ ಕುಳಿತ ಹೊರತು ಸಮಸ್ಯೆಯ ನಿಜಸ್ವರೂಪವು ತಿಳಿಯುವುದಿಲ್ಲವೆಂಬುದು ಇವರ ಮತ. 2003ರ ಆಗಸ್ಟ್ 14ರಂದು ಉತ್ತರ ಅಮೆರಿಕದಲ್ಲಿ ಸುಮಾರು 5 ಕೋಟಿ ಜನರನ್ನು ಕತ್ತಲೆಗೆ ದೂಡಿದ ವಿಪತ್ತಿನಲ್ಲಿ ಒಂದು ನಿಯಂತ್ರಣ ಕೊಠಡಿಯ ಎಚ್ಚರಿಕೆಯ ಸಾಫ್ಟ್‌ವೇರ್ ಮೌನವಾಗಿ ಕೆಟ್ಟು ನಿಂತಿತ್ತು, ಕಾವಲಿನವರಿಗೆ ಅದು ಕೆಟ್ಟದ್ದೇ ತಿಳಿದಿರಲಿಲ್ಲ. ಇಂಥ ಅಪಾಯವನ್ನು ಯಾವ ಮಾದರಿಜಾಲವೂ ಕಲಿಸುವುದಿಲ್ಲ. ಫ್ರಾನ್ಸಿನ ಜಾಲನಿರ್ವಾಹಕ ಸಂಸ್ಥೆಯಾದ ಆರ್‌ಟಿಇ, ಯಂತ್ರಗಳು ಜಾಲವನ್ನು ನಡೆಸಲು ಕಲಿಯುವ ಸ್ಪರ್ಧೆಗಳನ್ನು 2019ರಿಂದ ತಾನೇ ಏರ್ಪಡಿಸಿ ವಿಶ್ವವಿದ್ಯಾನಿಲಯಗಳವರನ್ನು ಆಹ್ವಾನಿಸಿದ್ದು ಈ ಪಕ್ಷದ ಉದಾತ್ತವಾದ ನಿದರ್ಶನ.

ಆದರೆ ನಿರ್ವಾಹಕ ಸಂಸ್ಥೆಗಳಲ್ಲಿ ನಿತ್ಯದ ಹೊಣೆಯು ಚಿಂತನೆಯ ವೇಳೆಯನ್ನು ನುಂಗಿಬಿಡುತ್ತದೆ; ದತ್ತಾಂಶವನ್ನು ಹೊರಗೆ ಬಿಡಲು ಭದ್ರತೆಯ ಭಯ; ಪ್ರಬಂಧ ಬರೆದರೆ ಬಡ್ತಿಯಿಲ್ಲ. ಭಾರತದಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು 1960ರಿಂದಲೂ ಬೆಂಗಳೂರಿನಲ್ಲಿದೆ. ಆದರೆ ಉಪಕರಣಗಳ ಪರೀಕ್ಷೆಯೂ ಪ್ರಮಾಣೀಕರಣವೂ ಅದರ ಹೆಗಲ ಮೇಲಿರುವ ದೊಡ್ಡ ಭಾರ.

ಅವಧಿಯ ವಿವಾದ

ಪಕ್ಷ ಯಾವುದೇ ಇರಲಿ, ಹುದ್ದೆಯ ಅವಧಿ ಎಷ್ಟಿರಬೇಕೆಂಬ ವಿವಾದವು ಬೇರೆಯಾಗಿ ನಡೆದಿದೆ. ಜರ್ಮನಿಯ 2007ರ ಕಾಯಿದೆಯು ಡಾಕ್ಟರೇಟಿಗೆ ಮುಂಚೆ ಆರು, ತರುವಾಯ ಆರು ವರ್ಷಗಳ ತಾತ್ಕಾಲಿಕ ನೇಮಕವನ್ನು ಸಾಮಾನ್ಯ ಮಿತಿಯಾಗಿ ಗೊತ್ತುಪಡಿಸಿತು. ಹೊಸಬರಿಗೆ ದಾರಿ ಬಿಡಬೇಕೆಂಬ ಸಮರ್ಥನೆಯ ವಿರುದ್ಧ 2021ರಲ್ಲಿ ಅಲ್ಲಿನ ತರುಣ ವಿದ್ವಾಂಸರು, ಆ ಸಮರ್ಥನೆಗೆ ಸರ್ಕಾರವು ಬಳಸಿದ ಕಾಲ್ಪನಿಕ ಸಂಶೋಧಕಿಯ ಹೆಸರು ಹಿಡಿದು, ‘ನಾನು ಹನ್ನಾ’ ಎಂಬ ಘೋಷಣೆಯೊಡನೆ ದೊಡ್ಡ ದನಿ ಎತ್ತಿದರು. ನೆದರ್ಲೆಂಡ್ಸ್, ಸ್ವೀಡನ್ನುಗಳಲ್ಲಿ ಪಿಎಚ್.ಡಿ. ಮಾಡುವವರು ಸಾಮಾನ್ಯವಾಗಿ ವೇತನ ಪಡೆಯುವ ನೌಕರರು. ನಮ್ಮಲ್ಲಿ ಜೂನಿಯರ್ ರಿಸರ್ಚ್ ಫೆಲೋ ಆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದೇ ಅರ್ಹತೆಯವರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಕೊಡುವುದೆಷ್ಟೆಂಬುದು ಓದುಗರಿಗೆ ತಿಳಿದದ್ದೇ.

ನನ್ನ ನಿರ್ಣಯವನ್ನು ಮರೆಮಾಚುವುದಿಲ್ಲ. ಮೂರು ಶಾಸ್ತ್ರಗಳಲ್ಲಿ ಪರಿಣತಿ ಪಡೆಯಲು ಒಂದಕ್ಕಿಂತ ಹೆಚ್ಚು ಕಾಲ ಬೇಕು. ಹೆಚ್ಚು ಕಾಲ ಬೇಡುವ ವಿದ್ಯೆಗೆ ಕಡಮೆ ಕಾಲದ ಹುದ್ದೆಯನ್ನು ಕೊಡುವುದು, ಆ ವಿದ್ಯೆ ಬೇಡವೆಂದು ಹೇಳುವುದಕ್ಕೆ ಸಮಾನ. ಆ ನಾಲ್ಕು ಕೊಠಡಿಗಳಿಗೆ ಸಾಮಾನ್ಯವಾಗಿದ್ದ ಗುಣ ಯಾವುದೆಂದರೆ, ಒಳಗೆ ಕುಳಿತವರನ್ನು ಮೂರು ವರ್ಷಕ್ಕೊಮ್ಮೆ ಹೊರಗೆ ಕಳುಹಿಸುತ್ತಿರಲಿಲ್ಲವೆಂಬುದು.

ಇನ್ನೂ ಇತ್ಯರ್ಥವಾಗದವು

ಮೊದಲನೆಯದಾಗಿ, ಮೂರು ಶಾಸ್ತ್ರಗಳ ನಡುವೆ ನಿಂತು ಮಾಡಿದ ಕೆಲಸವನ್ನು ತೂಗತಕ್ಕವರು ಯಾರೆಂಬುದು ನಿಶ್ಚಯವಾಗಿಲ್ಲ. ಗಣಕವಿಜ್ಞಾನಿಗೆ ಅದು ಅನ್ವಯ ಮಾತ್ರ, ವಿದ್ಯುತ್ ಇಂಜಿನಿಯರಿಗೆ ಅದು ವಾಸ್ತವದೂರವಾದ ಗಣಿತ. ಎರಡೂ ಕಡೆಯವರ ಸಮಿತಿಯನ್ನು ಕೂರಿಸಿದ ಮಾತ್ರಕ್ಕೆ ನ್ಯಾಯ ದೊರೆತೀತೆ? ಜಾಲದ ದತ್ತಾಂಶವನ್ನು ಎಷ್ಟರಮಟ್ಟಿಗೆ ತೆರೆಯಬಹುದೆಂಬುದು ಇನ್ನೊಂದು ತೊಡಕು. ಶತ್ರುವಿಗೆ ನೆರವಾದೀತೆಂಬ ಭಯವು ನಿರಾಧಾರವಲ್ಲ, ಮುಚ್ಚಿಟ್ಟರೆ ವಿದ್ಯೆಯು 1962ರಲ್ಲಿಯೇ ನಿಂತೀತೆಂಬುದೂ ಸುಳ್ಳಲ್ಲ. ಕಲಿತ ಯಂತ್ರದ ತೀರ್ಮಾನದಿಂದ ಊರು ಕತ್ತಲಾದರೆ ಹೊಣೆ ಯಾರದೆಂಬುದನ್ನು ಕಾನೂನು ಇನ್ನೂ ಸ್ಪಷ್ಟವಾಗಿ ಹೇಳಿಲ್ಲ. ಇದೆಲ್ಲದರ ಮೇಲೆ, ಯಂತ್ರಕಲಿಕೆಯೇ ಈಗ ದೊಡ್ಡ ವಿದ್ಯುತ್ ಗ್ರಾಹಕ: ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಸುಮಾರು 415 ಟೆರಾವಾಟ್-ಗಂಟೆ, ಎಂದರೆ ಒಟ್ಟು ವಿದ್ಯುತ್ತಿನ ಶೇಕಡ ಒಂದೂವರೆಯಷ್ಟು, ಬಳಸಿದವು, 2030ರ ವೇಳೆಗೆ ಅದು ಇಮ್ಮಡಿಗೂ ಮೀರಬಹುದು. ಉಳಿಸುವುದು ಹೆಚ್ಚೋ ಬಳಸುವುದು ಹೆಚ್ಚೋ ಎಂಬ ಲೆಕ್ಕ ಮುಗಿದಿಲ್ಲ.

ದಕ್ಷಿಣ ಭಾರತದ ಜಾಲವನ್ನು ನಿಯಂತ್ರಿಸುವ ಲೋಡ್ ಡೆಸ್ಪ್ಯಾಚ್ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದೇ ನಗರದಲ್ಲಿವೆ. ಇವೆರಡರ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಇಬ್ಬರೂ ಸೇರಿ ವೇತನ ಕೊಡುವ, ಇಬ್ಬರ ಬಾಗಿಲೂ ತೆರೆದಿರುವ, ಕನಿಷ್ಠಪಕ್ಷ ಹತ್ತು ವರ್ಷ ಅಬಾಧಿತವಾಗಿ ನಡೆಯುವ ಕೆಲವು ಸಂಶೋಧಕ ಪದಗಳನ್ನು ಸೃಷ್ಟಿಸಿರಿ, ಈ ಶಾಸ್ತ್ರಗಳಲ್ಲಿ ಆಸಕ್ತರಾದ ನಮ್ಮ ತರುಣ ತರುಣಿಯರು ಅರ್ಜಿ ಹಾಕುವುದಕ್ಕೆ ಹಿಂಜರಿಯಲಾರರು.